ಗುಲಗಂಜಿ ಹುಳು ಮತ್ತು ನನ್ನ ಪಾಠಯೋಜನೆ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ನ್ಯಾಮತಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಎಂಟನೇ ತರಗತಿಯ ವಿಜ್ಞಾನ. ಪಾಠ ‘ಪ್ರಾಣಿಗಳಲ್ಲಿ ಸಂತಾನೋತ್ಪತ್ತಿ’, ಅದರಲ್ಲಿ ರೂಪಪರಿವರ್ತನೆಯ ಭಾಗ. ಪಠ್ಯಪುಸ್ತಕದಲ್ಲಿ ಕಪ್ಪೆಯ ಉದಾಹರಣೆ ಇದೆ. ನಮ್ಮ ಕಾಲೇಜಿನ ಬೋಧನೋಪಕರಣಗಳ ಕೊಠಡಿಯಲ್ಲಿ ಕಪ್ಪೆಯ ಚಾರ್ಟೂ ಇದೆ. ನಮಗಿಂತ ಮೊದಲು ಎಷ್ಟು ಬ್ಯಾಚಿನವರು ಅದನ್ನು ಹೊತ್ತೊಯ್ದಿದ್ದಾರೋ, ಮಡಿಕೆಯಲ್ಲಿ ಹರಿದು ಕಪ್ಪೆಗೆ ಈಗ ಮೂರೇ ಕಾಲು.

ಚಾರ್ಟ್ ಬೇಡ, ಜೀವಂತ ವಸ್ತುವನ್ನೇ ತೋರಿಸಬೇಕು ಎಂದು ನಾನು ಹಟ ಹಿಡಿದೆ. ಆದರೆ ಆಗ ಜನವರಿ. ಹೊಂಡಗಳೆಲ್ಲ ಬತ್ತಿದ್ದವು, ಗೊದಮೊಟ್ಟೆ ಎಲ್ಲಿಂದ ತರಲಿ? ನಮ್ಮ ಮನೆ ನ್ಯಾಮತಿಯಲ್ಲೇ. ಹಿತ್ತಿಲಲ್ಲಿ ಅಮ್ಮ ಬದನೆ, ಅಲಸಂದೆ ಹಾಕಿದ್ದಳು. ಅಲಸಂದೆಯ ಕುಡಿಗಳಿಗೆ ಕರಿ ಹೇನು ಮುತ್ತಿತ್ತು. ಬದನೆ ಎಲೆಯ ಮೇಲೆ ದುಂಡನೆಯ, ಚುಕ್ಕೆಚುಕ್ಕೆಯ ಹುಳುಗಳು ಕಂಡವು. ಎಲೆ ತಿರುವಿದರೆ ಅಡಿಯಲ್ಲಿ ಹಳದಿ ಮೊಟ್ಟೆಗಳ ಗುಂಪು, ಒಂದಕ್ಕೊಂದು ಅಂಟಿಕೊಂಡು ಅಕ್ಕಿ ಕಾಳು ನಿಲ್ಲಿಸಿಟ್ಟ ಹಾಗೆ. ಗುಲಗಂಜಿ ಹುಳು! ರೈತನ ಮಿತ್ರ, ಹೇನು ತಿನ್ನುವ ಕೀಟ ಎಂದು ಓದಿದ್ದೆ. ಮೊಟ್ಟೆ, ಮರಿಹುಳು, ಕೋಶ, ಪ್ರೌಢಕೀಟ, ನಾಲ್ಕೂ ಹಂತಗಳು ಮೂರು ವಾರದೊಳಗೆ ಮುಗಿಯುತ್ತವೆ. ನನ್ನ ಅಭ್ಯಾಸ ಬೋಧನೆ ಆರು ವಾರ. ಇದಕ್ಕಿಂತ ಇನ್ನೇನು ಬೇಕು?

ಮೊಟ್ಟೆಯಿದ್ದ ಎಲೆಯನ್ನು ಕಿತ್ತು ಬೇಕರಿಯ ಸಿಹಿ ಡಬ್ಬಿಗೆ ಹಾಕಿದೆ. ಮುಚ್ಚಳದ ಬದಲು ಅಪ್ಪಾಜಿಯ ಹಳೆ ಪಂಚೆಯ ತುಂಡು, ಅದಕ್ಕೊಂದು ರಬ್ಬರ್ ಬ್ಯಾಂಡ್. ನಾಲ್ಕನೇ ದಿನ ಮೊಟ್ಟೆ ಒಡೆದವು. ಕೂಡಲೇ ಹೇನು ಮುತ್ತಿದ ಅಲಸಂದೆ ಕುಡಿಯೊಂದನ್ನು ಒಳಗಿಟ್ಟೆ. ರಾತ್ರಿ ಕೂತು ಪಾಠಯೋಜನೆ ಬರೆದೆ. ‘ಈ ಮರಿಹುಳುಗಳು ಏನನ್ನು ತಿನ್ನುತ್ತವೆ?’ ಎಂಬ ಪ್ರಶ್ನೆಯ ಎದುರು, ನಿರೀಕ್ಷಿತ ಉತ್ತರದ ಅಂಕಣದಲ್ಲಿ, ‘ಸಸ್ಯಹೇನು’ ಎಂದು ದುಂಡಗೆ ಬರೆದದ್ದು ನನಗೆ ಈಗಲೂ ನೆನಪಿದೆ.

ಮರುದಿನ ಮಾರ್ಗದರ್ಶಕ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಹಾಳೆ ಹಿಡಿದು ಕೂತಿದ್ದರು. ಡಬ್ಬಿ ಬೆಂಚಿನಿಂದ ಬೆಂಚಿಗೆ ಹೋಯಿತು. ಮೂರನೇ ಸಾಲಿನ ಒಬ್ಬ ಹುಡುಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕೈ ಎತ್ತದೆಯೇ ಹೇಳಿದಳು: “ಮೇಡಂ, ಇವು ನಮ್ ಬದ್ನೆ ಗಿಡದ ಹುಳ. ಎಲೆ ತಿಂತವು. ಹೇನು ತಿನ್ನಲ್ಲ.”

ನಾನು ನಕ್ಕೆ. “ಇಲ್ಲ, ಇದು ಗುಲಗಂಜಿ ಹುಳು. ಇದು ರೈತನ ಮಿತ್ರ. ಕೂತ್ಕೋ” ಎಂದೆ. ಅವಳು ಕೂತಳು. ಡಬ್ಬಿ ಮುಂದಿನ ಬೆಂಚಿಗೆ ಹೋಯಿತು. ಆ ದಿನದ ವೀಕ್ಷಣಾ ಟಿಪ್ಪಣಿಯಲ್ಲಿ ‘ತರಗತಿ ನಿರ್ವಹಣೆ ಉತ್ತಮವಾಗಿದೆ’ ಎಂದು ಬರೆದಿತ್ತು. ಉಪನ್ಯಾಸಕರನ್ನು ನಾನು ದೂರುವುದಿಲ್ಲ. ಹಿಂದಿನ ಬೆಂಚಿನಿಂದ ನೋಡಿದವರಿಗೆ ಹಾಗೆಯೇ ಕಂಡಿರುತ್ತದೆ.

ಸಂಜೆ ಮನೆಗೆ ಬಂದು ಡಬ್ಬಿ ತೆರೆದಾಗ ಮರಿಗಳಲ್ಲಿ ಹೆಚ್ಚಿನವು ಸತ್ತಿದ್ದವು. ಹೇನುಗಳು ಮಾತ್ರ ಆರಾಮಾಗಿ ಕುಡಿ ಹೀರುತ್ತಿದ್ದವು. ನಾಲ್ಕು ಮರಿಗಳಲ್ಲಿ ಇನ್ನೂ ಜೀವ ಇತ್ತು. ಒಂದು ಬದನೆ ಎಲೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಆ ಎಲೆಯ ಅಡಿಯಲ್ಲಿ ಅಲ್ಲಲ್ಲಿ ಹಸಿರನ್ನು ಕೆರೆದು ತಿಂದು, ಮೇಲಿನ ತೆಳು ಪೊರೆಯನ್ನಷ್ಟೇ ಉಳಿಸಿದ್ದವು.

ಹುಡುಗಿ ಹೇಳಿದ್ದು ಅಕ್ಷರಶಃ ಸರಿ. ಗುಲಗಂಜಿ ಹುಳುಗಳ ಕುಟುಂಬದಲ್ಲಿ ಬಹಳಷ್ಟು ಜಾತಿಗಳು ಹೇನು, ಹಿಟ್ಟುತಿಗಣೆಗಳನ್ನು ತಿನ್ನುತ್ತವೆ ನಿಜ. ಆದರೆ ಅದೇ ಕುಟುಂಬದಲ್ಲಿ ಎಲೆ ತಿನ್ನುವ ಒಂದು ಗುಂಪೂ ಇದೆ. ಬದನೆ, ಆಲೂಗಡ್ಡೆಗೆ ಬರುವ ಇಪ್ಪತ್ತೆಂಟು ಚುಕ್ಕೆಯ ಹುಳು ಆ ಗುಂಪಿನದು. ನೋಡುವ ಕಣ್ಣಿದ್ದರೆ ವ್ಯತ್ಯಾಸ ಕಾಣುತ್ತದೆ. ಹೇನು ತಿನ್ನುವ ಹುಳುವಿನ ಬೆನ್ನು ಎಣ್ಣೆ ಸವರಿದಂತೆ ಹೊಳೆಯುತ್ತದೆ. ಬದನೆಯದರ ಬೆನ್ನಿನ ಮೇಲೆ ಸಣ್ಣ ರೋಮ, ಹೊಳಪಿಲ್ಲ, ಬಣ್ಣ ಮಾಸಿದ ತಾಮ್ರ. ಅದರ ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು. ಮೊಟ್ಟೆಗಳು ಮಾತ್ರ ಎರಡರದ್ದೂ ಹಳದಿ, ಎರಡರದ್ದೂ ಗುಂಪು. ನಾನು ಎಡವಿದ್ದು ಅಲ್ಲೇ.

ಮರುದಿನ ಪಾಠಯೋಜನೆ ಇಲ್ಲದೆ ತರಗತಿಗೆ ಹೋದೆ. ಹೋಗುವ ಮೊದಲು ಸ್ಟಾಫ್ ರೂಮಿನಲ್ಲಿ ಎರಡು ಲೋಟ ನೀರು ಕುಡಿದಿದ್ದೆ. ತರಬೇತಿಯಲ್ಲಿ ನಮಗೆ ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ, ಪುನರ್ಬಲನ ಕೌಶಲ ಎಲ್ಲಕ್ಕೂ ಸೂಕ್ಷ್ಮ ಬೋಧನೆ ಮಾಡಿಸುತ್ತಾರೆ. ‘ನಿನ್ನೆ ನಾನು ಹೇಳಿದ್ದು ತಪ್ಪು’ ಎಂದು ನಲವತ್ತು ಮಕ್ಕಳ ಎದುರು ಹೇಳುವುದನ್ನು ಎಲ್ಲೂ ಅಭ್ಯಾಸ ಮಾಡಿರಲಿಲ್ಲ. ಹೇಳಿದೆ. ಕೆರೆದ ಎಲೆ ತೋರಿಸಿದೆ. ಆ ಹುಡುಗಿಯ ಹೆಸರು ಹಿಡಿದು, ಅವಳು ಹೇಳಿದ್ದೇ ಸರಿ ಎಂದೆ. ಅವಳೇನೂ ಹಿಗ್ಗಲಿಲ್ಲ. “ಹೂಂ ಮೇಡಂ” ಎಂದಳು, ಮಳೆ ಬಂತು ಎಂದರೆ ಹೂಂ ಎನ್ನುವ ಹಾಗೆ. ಆಮೇಲೆ, “ಹೇನು ತಿನ್ನೋವು ನಮ್ ಅಲಸಂದೇಲಿ ಅದಾವೆ. ತರ್ಲಾ?” ಎಂದಳು.

ತಂದದ್ದು ಜಾಮಿಟ್ರಿ ಬಾಕ್ಸಿನಲ್ಲಿ. ಕೈವಾರ, ಕೋನಮಾಪಕವನ್ನೆಲ್ಲ ಮನೆಯಲ್ಲಿ ಬಿಟ್ಟು, ಒದ್ದೆ ಬಟ್ಟೆಯ ಮೇಲೆ ಒಂದು ಅಲಸಂದೆ ಎಲೆ. ಅದರ ಮೇಲೆ ಹದಿನೇಳು ಮೊಟ್ಟೆ. ಇನ್ನೊಂದು ಮೂಲೆಯಲ್ಲಿ ಒಂದು ದೊಡ್ಡ ಹುಳು, ಗುರುತಿಗೆ. ಗುಲಗಂಜಿ ಎಂದರೆ ಕೆಂಪು ಮೈ, ಕಪ್ಪು ಚುಕ್ಕೆ ಎಂದು ನಾವೆಲ್ಲ ಚಿತ್ರದಲ್ಲಿ ನೋಡಿದ್ದು. ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿ ಬೀಜದಿಂದಲೇ ಈ ಹುಳುವಿಗೆ ಹೆಸರು ಬಂದದ್ದು. ಆದರೆ ಇದರ ಮೈ ಕಿತ್ತಳೆ, ಚುಕ್ಕೆಯ ಬದಲು ಅಂಕುಡೊಂಕಾದ ಕಪ್ಪು ಗೆರೆಗಳು. ಚೀಲೊಮೆನಿಸ್ ಸೆಕ್ಸ್‌ಮ್ಯಾಕ್ಯುಲೇಟ ಎಂದು ವೈಜ್ಞಾನಿಕ ಹೆಸರು, ನಮ್ಮ ಹೊಲಗಳಲ್ಲಿ ತೀರಾ ಸಾಮಾನ್ಯ. ಒಬ್ಬ ಹುಡುಗ ಅದನ್ನು ಹಿಡಿಯಲು ಹೋಗಿ “ಉಚ್ಚೆ ಹೊಯ್ತು ಮೇಡಂ!” ಎಂದು ಕೂಗಿದ. ಉಚ್ಚೆಯಲ್ಲ. ಹಿಡಿದರೆ ಅದು ಕಾಲಿನ ಗೆಣ್ಣುಗಳಿಂದ ಕಹಿಯಾದ ಹಳದಿ ದ್ರವ ಒಸರಿಸುತ್ತದೆ, ಹಕ್ಕಿ ಬಾಯಿಗೆ ಹಾಕಿಕೊಂಡರೂ ಉಗುಳಲಿ ಎಂದು. ಇದನ್ನು ವಿವರಿಸಿದ ಮೇಲೂ ತರಗತಿ ಅದನ್ನು ಉಚ್ಚೆ ಎಂದೇ ಕರೆಯಿತು.

ಮೂರನೇ ದಿನ ಹದಿನಾಲ್ಕು ಮೊಟ್ಟೆ ಒಡೆದವು. ಹೊರಬಂದ ಮರಿಗಳು ಮೊದಲು ತಾವು ಬಂದ ಸಿಪ್ಪೆ ತಿಂದವು. ಆಮೇಲೆ ಒಡೆಯದೆ ಉಳಿದಿದ್ದ ಮೂರು ಮೊಟ್ಟೆಗಳನ್ನು ತಿಂದವು. ನನ್ನ ಹಳೆಯ ಪಾಠಯೋಜನೆಯಲ್ಲಿ ‘ಬೆಳೆಸಬೇಕಾದ ಮೌಲ್ಯ: ಸಹಕಾರ, ಜೀವದಯೆ’ ಎಂದು ಬರೆದಿದ್ದೆ. ಮಾರನೆಯ ಬೆಳಿಗ್ಗೆ ಹದಿನಾಲ್ಕರಲ್ಲಿ ಹದಿಮೂರೇ ಇದ್ದವು, ಒಂದರ ಬಾಯಲ್ಲಿ ಇನ್ನೊಂದರ ಕಾಲಿತ್ತು. ಮೌಲ್ಯದ ಅಂಕಣಕ್ಕೆ ಏನು ಮಾಡುವುದೋ ತಿಳಿಯದೆ, ಐಸ್‌ಕ್ರೀಂ ಕಪ್ಪುಗಳನ್ನು ತೊಳೆದು ಒಂದೊಂದಕ್ಕೆ ಒಂದೊಂದು ಮರಿ ಹಾಕಿದೆ.

ಕಷ್ಟ ಶುರುವಾದದ್ದು ಅಲ್ಲಿಂದ. ಗುಲಗಂಜಿ ಹುಳು ಸಾಕುವುದೆಂದರೆ ನಿಜವಾಗಿ ಹೇನು ಸಾಕುವುದು. ಮೊದಲೆರಡು ದಿನ ಒಂದು ಮರಿಗೆ ನಾಲ್ಕಾರು ಹೇನು ಸಾಕಾಗುತ್ತಿತ್ತು. ವಾರ ಕಳೆಯುವ ಹೊತ್ತಿಗೆ ರಾತ್ರಿ ಮೂವತ್ತು ಹೇನು ಎಣಿಸಿ ಹಾಕಿದರೆ ಬೆಳಿಗ್ಗೆ ನಾಲ್ಕೋ ಐದೋ. ಹಿತ್ತಿಲ ಅಲಸಂದೆ ಬರಿದಾಯಿತು. ಅಮ್ಮ ಖುಷಿಪಟ್ಟಳು, ನಾನು ಕಂಗಾಲಾದೆ. ಪಕ್ಕದ ಮನೆಯ ಅವರೆ ಬಳ್ಳಿಗೆ ಕೈ ಹಾಕಿದೆ. ಒಂದು ಕುಂಡದಲ್ಲಿ ಅಲಸಂದೆ ಬಿತ್ತಿ, ಬೇಕೆಂದೇ ಅದಕ್ಕೆ ಹೇನು ಹತ್ತಿಸಿದೆ. ಅದನ್ನು ಕಂಡು ಅಮ್ಮ, “ಹೇನು ಸಾಕಾಕೆ ಬಿಎಡ್ ಓದಬೇಕಿತ್ತೇನೇ?” ಎಂದಳು.

ದೊಡ್ಡ ಪ್ರಯೋಗಾಲಯಗಳಿಗೂ ಇದೇ ಪಾಡು ಎಂದು ಆಮೇಲೆ ಓದಿ ಸಮಾಧಾನ ಪಟ್ಟುಕೊಂಡೆ. ಹಿಟ್ಟುತಿಗಣೆ ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದದ್ದು 1898ರಲ್ಲಿ. ಇವತ್ತು ಅದನ್ನು ಸಾಕುವವರು ಸಿಹಿಗುಂಬಳಕಾಯಿ ತಂದು, ಅದರ ಮೇಲೆ ಹಿಟ್ಟುತಿಗಣೆ ಬೆಳೆಸಿ, ಕಾಯಿಯೆಲ್ಲ ಬೆಳ್ಳಗಾದ ಮೇಲೆ ಹುಳು ಬಿಡುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಂಥ ಸಂಸ್ಥೆಗಳು ಇಂಥ ಸಾಕಣೆಯ ವಿಧಾನಗಳ ಮೇಲೆ ಕೆಲಸ ಮಾಡುತ್ತವೆ. ಇದಕ್ಕೂ ಹಿಂದೆ, 1888–89ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಒಂದು ಬಗೆಯ ಬಿಳಿ ಶಲ್ಕಕೀಟ ಹಾಳುಗೆಡವುತ್ತಿದ್ದಾಗ ಆಸ್ಟ್ರೇಲಿಯಾದಿಂದ ರೊಡೋಲಿಯಾ ಎಂಬ ಗುಲಗಂಜಿ ಹುಳು ತರಿಸಿ ಬಿಟ್ಟರು. ಆ ಹುಳು ತೋಟಗಳನ್ನು ಉಳಿಸಿತು. ಈ ಕತೆಯನ್ನು ಮಕ್ಕಳಿಗೆ ಹೇಳಿದಾಗ ಒಬ್ಬ ಕೇಳಿದ, “ಅಲ್ಲೀವರೆಗೂ ಅದಕ್ಕೆ ಏನು ತಿನ್ನಾಕೆ ಕೊಟ್ರು ಮೇಡಂ?” ಸಾಕಿದವರು ಮಾತ್ರ ಕೇಳುವ ಪ್ರಶ್ನೆ.

ಡಬ್ಬಿಗಳನ್ನು ದಿನಾ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಶಾಲೆಗೆ ಒಯ್ಯುತ್ತಿದ್ದೆ. ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ಮಕ್ಕಳು ದಾಖಲೆ ಬರೆಯುತ್ತಿದ್ದರು. ಮರಿಹುಳು ಮೂರು ಸಲ ಪೊರೆ ಬಿಟ್ಟಿತು. ಒಂದು ಮರಿ ಪೊರೆಯಲ್ಲೇ ಸಿಕ್ಕಿಕೊಂಡು ಸತ್ತಿತು. ಒಂದು ರಾತ್ರಿ ಇರುವೆಗಳು ಬಂದು ಮೂರನ್ನು ಒಯ್ದವು. ಹೇನಿನ ಹಿಂಭಾಗದಿಂದ ಬರುವ ಸಿಹಿ ಅಂಟಿಗಾಗಿ ಇರುವೆ ಹೇನನ್ನು ಕಾಯುತ್ತದೆ, ಹೇನು ತಿನ್ನಲು ಬಂದವರನ್ನು ಓಡಿಸುತ್ತದೆ. ಹೊಲದಲ್ಲಿ ನಡೆಯುವುದು ನನ್ನ ಕಪಾಟಿನಲ್ಲೇ ನಡೆಯಿತು. ಆಮೇಲೆ ಕಪ್ಪುಗಳನ್ನು ನೀರು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿದೆ.

ಹನ್ನೊಂದನೇ ದಿನದ ಹೊತ್ತಿಗೆ ಮರಿಗಳು ತಿನ್ನುವುದನ್ನು ಬಿಟ್ಟು, ಬಾಲದ ತುದಿಯನ್ನು ಎಲೆಗೆ ಅಂಟಿಸಿ ಗೂನು ಬೆನ್ನು ಮಾಡಿ ಕೂತವು. ಉಳಿದಿದ್ದ ಒಂಬತ್ತರಲ್ಲಿ ಎಂಟು ಕೋಶವಾದವು. ಕೋಶ ಎಂದರೆ ನಿದ್ದೆ, ಅಲುಗಾಡದ ಹಂತ ಎಂದು ನಾನು ತಿಳಿದಿದ್ದೆ. ಹುಲ್ಲುಕಡ್ಡಿಯಿಂದ ಮುಟ್ಟಿದರೆ ಸಾಕು, ಅದು ಸಟಕ್ಕನೆ ಎದ್ದು ನಿಂತು ಮತ್ತೆ ಮಲಗುತ್ತಿತ್ತು. ‘ನಮಸ್ತೆ ಟೀಚರ್ ಅಂತತಿ’ ಎಂದು ಮಕ್ಕಳು ಅದನ್ನು ಮತ್ತೆ ಮತ್ತೆ ಮುಟ್ಟಿ, ಕೊನೆಗೆ ನಾನೇ ಕಡ್ಡಿ ಕಸಿದುಕೊಳ್ಳಬೇಕಾಯಿತು.

ಇದರ ನಡುವೆ ಒಂದು ಸೋಮವಾರ ಆ ಹುಡುಗಿ ಬಂದು ಹೇಳಿದಳು: “ಇನ್ನು ನಮ್ ಹೊಲದಾಗೆ ಸಿಗಲ್ಲ ಮೇಡಂ. ನಿನ್ನೆ ಅಪ್ಪ ಔಷಧಿ ಹೊಡೆದ್ರು.”

ಅವರದು ಮೊದಲು ಮೆಕ್ಕೆಜೋಳದ ಹೊಲ. ನಮ್ಮ ಕಡೆ ಬಹಳ ಜನ ಮಾಡಿದಂತೆ ಅವರೂ ಅಡಿಕೆ ಹಾಕಿದ್ದಾರೆ. ಎಳೆ ಸಸಿಗಳ ನಡುವೆ ಅಲಸಂದೆ. ಹೇನು ಬಿದ್ದಿತ್ತು, ಅದರ ಜೊತೆಗೆ ಕಪ್ಪಗೆ, ಉದ್ದಕ್ಕೆ, ಮೊಸಳೆ ಮರಿಯಂಥ ಹುಳುಗಳು ಓಡಾಡುತ್ತಿದ್ದವಂತೆ. ಅದನ್ನು ನೋಡಿಯೇ ತಡಮಾಡದೆ ಹೊಡೆದರಂತೆ. ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಆ ಮೊಸಳೆ ಮರಿಗಳೇ ಗುಲಗಂಜಿ ಹುಳುವಿನ ಮರಿಗಳು. ಆದರೆ ತಪ್ಪೆನ್ನಲು ನನಗೇನು ಹಕ್ಕಿದೆ? ವಿಜ್ಞಾನ ಪದವೀಧರೆ ನಾನೇ ಮೊಟ್ಟೆ ನೋಡಿ ಎಡವಿದವಳು. ಮೆಕ್ಕೆಜೋಳದ ಸೈನಿಕ ಹುಳು ದೇಶದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ ನಮ್ಮ ಪಕ್ಕದ ಶಿವಮೊಗ್ಗದ ಹೊಲಗಳಲ್ಲಿ. ಸುಳಿಯೊಳಗೆ ಕೂತ ಒಂದು ಸಣ್ಣ ಮರಿಹುಳು ಇಡೀ ಹೊಲವನ್ನು ಏನು ಮಾಡುತ್ತದೆ ಎಂದು ನೋಡಿದವರು ಇನ್ನೊಂದು ಕಪ್ಪು ಹುಳು ಕಂಡರೆ ಕಾದು ನೋಡುತ್ತಾರೆಯೇ?

ಹುಡುಗಿ ಒಂದು ಕೋಶ ಕೇಳಿದಳು, ಮನೆಗೆ ಒಯ್ಯಲು. ಎಲೆಯ ಸಮೇತ ಅವಳ ಜಾಮಿಟ್ರಿ ಬಾಕ್ಸಿಗೇ ಹಾಕಿಕೊಟ್ಟೆ. ಎರಡು ದಿನ ಬಿಟ್ಟು ಬೆಳಿಗ್ಗೆ ಅವಳ ತಂದೆಯೇ ಬೈಕಿನಲ್ಲಿ ಅವಳನ್ನು ಬಿಡಲು ಬಂದರು. ಬಾಕ್ಸಿನೊಳಗೆ ಹುಳು ಹೊರಬಂದಿತ್ತು, ಆಗಷ್ಟೇ ಬಂದದ್ದು. ಮೈ ಇನ್ನೂ ಮೆತ್ತಗೆ, ತೆಳು ಹಳದಿ, ಒಂದು ಗೆರೆಯೂ ಇಲ್ಲ. ಸ್ಟಾಫ್ ರೂಮಿನ ಹೊರಗೆ ನನ್ನ ಡಬ್ಬಿಗಳನ್ನೂ ತಂದು ಅವರ ಮುಂದಿಟ್ಟೆ. ಮಕ್ಕಳು ಹೊಸದಾಗಿ ಹಿಡಿದು ತಂದಿದ್ದ ಒಂದು ಮರಿಹುಳು, ಕೋಶ, ದೊಡ್ಡ ಹುಳು.

ಅವರು ಬಹಳ ಹೊತ್ತು ನೋಡಿದರು. “ಇದಾ ಅದು?” ಎಂದರು. “ಕೆಂಪಗೆ ದುಂಡಗೆ ಇರತತಲ್ಲ, ಅದು ಒಳ್ಳೇ ಹುಳ ಅಂತ ನಮ್ಮಪ್ಪನೂ ಹೇಳೋರು. ಅದರ ಮರಿ ಹಿಂಗಿರತತಿ ಅಂತ ಯಾರೂ ಹೇಳಿಲ್ಲ. ಹೇನು ಇದ್ದಲ್ಲೇ ಇದೂ ಇತ್ತು. ಎಲ್ಲಾ ಒಂದೇ ಕಳ್ಳರ ಗುಂಪು ಅನ್ಕಂಡೆ.”

ಆಮೇಲೆ ಕೇಳಿದರು, “ಮೊಟ್ಟೆಯಿಂದ ಇಲ್ಲೀಗಂಟ ಎಷ್ಟು ದಿನ ಮೇಡಂ?”

“ನಮ್ಮ ಲೆಕ್ಕದಲ್ಲಿ ಹತ್ತೊಂಬತ್ತು.”

“ಅಷ್ಟೊತ್ತಿಗೆ ಹೂವೆಲ್ಲ ಉದುರಿ ಹೋಗಿರತತಿ.”

ಮರಿ ಮೊದಲ ದಿನದಿಂದಲೇ ಹೇನು ತಿನ್ನುತ್ತದೆ, ಹತ್ತೊಂಬತ್ತು ದಿನ ಕಾಯಬೇಕಿಲ್ಲ ಎಂದೆ. “ತಿಂತವು. ಆದ್ರೆ ಹೇನು ಎಷ್ಟದಾವೆ, ಇವು ಎಷ್ಟದಾವೆ? ಲೆಕ್ಕ ಹಾಕಿ ಹೇಳ್ರಿ, ಕೇಳ್ತೀನಿ” ಎಂದು ಬೈಕ್ ಹತ್ತಿದರು. ಕೊಂಕು ಮಾತಲ್ಲ, ನಿಜವಾಗಿಯೇ ಕೇಳಿದ್ದರು.

ಆ ದಿನ ಒಂದು ಅವಧಿ ಪೂರ್ತಿ ಅದಕ್ಕೇ ಹೋಯಿತು. ಹೇನು ಹತ್ತಿದ ಒಂದು ಕುಡಿಯನ್ನು ಮಧ್ಯದ ಬೆಂಚಿನ ಮೇಲಿಟ್ಟು ನಾಲ್ವರು ಎಣಿಸಿದರು. ನೂರನಲವತ್ತರ ತನಕ ಒಬ್ಬರಿಗೊಬ್ಬರು ಹೊಂದಿದರು, ಆಮೇಲೆ ಜಗಳವಾಯಿತು. ಒಂದು ಮರಿ ರಾತ್ರಿಗೆ ಇಪ್ಪತ್ತೈದು ತಿಂದರೆ ಒಂದು ಕುಡಿಗೆ ಎಷ್ಟು ಮರಿ ಬೇಕು, ಒಂದು ಗಿಡಕ್ಕೆ ಎಷ್ಟು, ಸಾಲಿಗೆ ಎಷ್ಟು? ಅಷ್ಟರಲ್ಲಿ ಹೇನು ಸುಮ್ಮನಿರುವುದಿಲ್ಲ. ಗಂಡಿನ ಹಂಗಿಲ್ಲದೆ, ಮೊಟ್ಟೆಯನ್ನೂ ಇಡದೆ, ಹೆಣ್ಣು ಹೇನು ನೇರ ಮರಿ ಹಾಕುತ್ತದೆ. ಎಣಿಸುತ್ತಿದ್ದಂತೆಯೇ ಒಂದು ಹೇನು ಮರಿ ಹಾಕಿದ್ದನ್ನು ಭೂತಗನ್ನಡಿಯಲ್ಲಿ ಇಬ್ಬರು ನೋಡಿದರು. ಲೆಕ್ಕ ಅಲ್ಲಿಗೇ ಕೆಟ್ಟಿತು. ಸಂತಾನೋತ್ಪತ್ತಿಯ ಪಾಠದಲ್ಲಿ ಇದಕ್ಕಿಂತ ದೊಡ್ಡದೇನನ್ನೂ ನಾನು ಕಲಿಸಿಲ್ಲ, ಇದನ್ನೂ ನಾನು ಕಲಿಸಿದ್ದಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ, ಲೆಕ್ಕದಲ್ಲಿ ಯಾವತ್ತೂ ಬಾಯಿ ಬಿಡದವನು, “ಎಲ್ಲಾ ಸಾಲಿಗೂ ಹೊಡೀಬಾರದು ಮೇಡಂ. ಬದುವಿನ ಕಡೆ ಒಂದೆರಡು ಸಾಲು ಬಿಟ್ರೆ ಇವು ಅಲ್ಲಿ ಉಳ್ಕಂತವು” ಎಂದ.

ಕಿರುಪರೀಕ್ಷೆಯಲ್ಲಿ ಜೀವನಚಕ್ರದ ಚಿತ್ರ ಕೇಳಿದ್ದೆ. ಬಹಳ ಮಕ್ಕಳು ವೃತ್ತವನ್ನೇ ಬರೆದರು. ಐದಾರು ಮಂದಿ ವೃತ್ತ ಬರೆಯಲಿಲ್ಲ. 17, 14, 9, 8, 7 ಎಂದು ಮೇಲಿಂದ ಕೆಳಕ್ಕೆ ಸಂಖ್ಯೆ ಬರೆದು, ಪಕ್ಕದಲ್ಲಿ ‘ಇರುವೆ’, ‘ಅಣ್ಣ ತಿಂದ’, ‘ಪೊರೆ’ ಎಂದು ಗುರುತು ಹಾಕಿದ್ದರು. ಅಂಕ ವಿತರಣಾ ಪಟ್ಟಿಯ ಪ್ರಕಾರ ನಾಲ್ಕು ಹಂತಗಳ ಹೆಸರಿಗೆ ಎರಡು ಅಂಕ, ಬಾಣದ ಗುರುತಿಗೆ ಒಂದು. ನಾನು ಪೂರ್ತಿ ಅಂಕ ಕೊಟ್ಟೆ. ಉಪನ್ಯಾಸಕರು ಕಾರಣ ಕೇಳಿದಾಗ ಉತ್ತರಪತ್ರಿಕೆಯನ್ನೇ ಅವರ ಮುಂದಿಟ್ಟೆ. ಅವರು ‘ಅಣ್ಣ ತಿಂದ’ ಎಂಬುದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಸಹಿ ಹಾಕಿದರು.

ಹೊರಬಂದ ಹುಳುಗಳನ್ನು ಶಾಲೆಯ ಬೇಲಿಯ ಅವರೆ ಬಳ್ಳಿಗೆ ಬಿಟ್ಟೆವು. ಕೊನೆಯ ವಾರ ಹುಡುಗಿ ಹೇಳಿದಳು, ಹೇನು ಮತ್ತೆ ಕಾಣಿಸಿಕೊಂಡಿದೆ, ಅಪ್ಪ ಮತ್ತೆ ಹೊಡೆದರು, ಆದರೆ ಬದುವಿನ ಕಡೆ ಎರಡು ಸಾಲು ಬಿಟ್ಟಿದ್ದಾರೆ. “ನೋಡನ ಅಂದ್ರು” ಎಂದಳು. ಆ ಸಾಲುಗಳನ್ನು ನೋಡಲು ಹೋಗಬೇಕೆಂದಿದ್ದೆ. ಅಷ್ಟರಲ್ಲಿ ನನ್ನ ಅಭ್ಯಾಸ ಬೋಧನೆಯ ಆರು ವಾರ ಮುಗಿಯಿತು. ಐಸ್‌ಕ್ರೀಂ ಕಪ್ಪುಗಳು, ಭೂತಗನ್ನಡಿ ಎರಡೂ ಈಗ ಅವಳ ಹತ್ತಿರ ಇವೆ.